ಚೀನೀ ಮೂಗಿನ ಮಾತ್ರೆ: ಅಮ್ಮನಿಗೂ ಒಯ್ಯಲೇ?

ಪ್ರಶ್ನೆ: ಸಿಂಗಪುರಕ್ಕೆ ಬಂದು ಆರು ವರ್ಷವಾಯಿತು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವ ಮೊದಲೇ ಹತ್ತು ಹದಿನೈದು ಸೀನು. ಆಮೇಲೆ ಮೂಗಿನಿಂದ ನೀರು. ರಾತ್ರಿ ಮೂಗು ಪೂರ್ತಿ ಕಟ್ಟಿ ಬಾಯಲ್ಲೇ ಉಸಿರಾಟ. ಆಫೀಸಿನ ಚೀನೀ ಗೆಳೆಯ ಗ್ವಾಂಗ್‌ಝೌಗೆ ಹೋಗಿ ಬರುವಾಗ ‘ಬೀಯೆನ್ ಕಾಂಗ್’ ಎಂಬ ಗಿಡಮೂಲಿಕೆ ಮಾತ್ರೆ ತಂದುಕೊಟ್ಟ. ಸಲಕ್ಕೆ ನಾಲ್ಕರಂತೆ ದಿನಕ್ಕೆ ಮೂರು ಸಲ. ಎರಡೇ ದಿನದಲ್ಲಿ ಮೂಗು ತೆರೆಯಿತು! ಮಧ್ಯಾಹ್ನ ಸ್ವಲ್ಪ ಕಣ್ಣು ಎಳೆಯುತ್ತದೆ ಅನ್ನುವುದು ಬಿಟ್ಟರೆ ಬೇರೆ ತೊಂದರೆ ಇಲ್ಲ. ಇಂಗ್ಲಿಷ್ ಮಾತ್ರೆ ಬೇಡ ಅನ್ನುವ ನನ್ನಂಥವರು ಇದನ್ನು ವರ್ಷವಿಡೀ ತೆಗೆದುಕೊಳ್ಳಬಹುದೇ? ಹಾಸನದಲ್ಲಿರುವ ಅಮ್ಮನಿಗೂ (64 ವರ್ಷ, ಬಿಪಿ ಮಾತ್ರೆ ನಡೆಯುತ್ತಿದೆ) ಮೂಗು ಕಟ್ಟುತ್ತದೆ. ಮುಂದಿನ ತಿಂಗಳು ಊರಿಗೆ ಹೋಗುವಾಗ ನಾಲ್ಕು ಡಬ್ಬಿ ಒಯ್ಯಲೇ? ಡಬ್ಬಿಯ ಫೋಟೊ ಕಳಿಸಿದ್ದೇನೆ.

ಉತ್ತರ: ಅಮ್ಮನಿಗೆ ಒಯ್ಯಬೇಡಿ. ನೀವೂ ವರ್ಷವಿಡೀ ನುಂಗಬೇಡಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದು ಉದ್ದವಿದೆ, ಊರಿಗೆ ಹೊರಟವರಿಗೆ ಪೂರ್ತಿ ಓದುವ ತಾಳ್ಮೆ ಇರುವುದಿಲ್ಲ.

ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನನಗೆ ಚೀನೀ ಭಾಷೆ ಬರುವುದಿಲ್ಲ. ಆದರೆ ಹಿಂದೆ ಎರಡು ವರ್ಷ ಸಿಂಗಪುರದ ಆಸ್ಪತ್ರೆಯೊಂದರ ಕಿವಿ-ಮೂಗು-ಗಂಟಲು ವಿಭಾಗದಲ್ಲಿದ್ದಾಗ ರೋಗಿಗಳು ತರುತ್ತಿದ್ದ ಪೊಟ್ಟಣಗಳಿಂದಾಗಿ ಒಂದಿಪ್ಪತ್ತು ಮೂಲಿಕೆಗಳ ಹೆಸರು ಗುರುತು ಹಿಡಿಯುವಷ್ಟು ಅಕ್ಷರ ಕಲಿತೆ. ನಿಮ್ಮ ಡಬ್ಬಿಯ ಪಟ್ಟಿಯಲ್ಲಿ ಹತ್ತು ಹೆಸರುಗಳಿವೆ. ಒಂಬತ್ತು ಗಿಡದಿಂದಲೋ ಪ್ರಾಣಿಯಿಂದಲೋ ಬಂದವು. ಹತ್ತನೆಯದು, ಸಾಲಿನ ತುದಿಯಲ್ಲಿ ಸುಮ್ಮನೆ ಕೂತಿರುವುದು, ಕ್ಲೋರ್‌ಫೆನಿರಮೈನ್ ಮ್ಯಾಲಿಯೇಟ್. ಮಾತ್ರೆಗೆ 1 ಮಿಲಿಗ್ರಾಂ. ಸಲಕ್ಕೆ ನಾಲ್ಕು, ದಿನಕ್ಕೆ ಮೂರು ಸಲ ಎಂದರೆ 12 ಮಿಲಿಗ್ರಾಂ. ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ‘ಸಿಪಿಎಂ’ ಎಂದು ಕೇಳಿದರೆ ಕೊಡುವ 4 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು ನುಂಗಿದರೂ ಲೆಕ್ಕ ಅಷ್ಟೇ ಬರುತ್ತದೆ.

ನಿಮ್ಮ ಸೀನು ನಿಂತದ್ದರಲ್ಲಿ ದೊಡ್ಡ ಪಾಲು ಇದರದ್ದೇ. ಮಧ್ಯಾಹ್ನ ಕಣ್ಣು ಎಳೆಯುವುದೂ ಇದರಿಂದಲೇ. ಇದು ಹಳೆಯ ಕಾಲದ ಆಂಟಿಹಿಸ್ಟಮಿನ್, ಅಂದರೆ ಅಲರ್ಜಿ ತಡೆಯುವ ಮದ್ದು, ಮಿದುಳಿಗೂ ಹೋಗುತ್ತದೆ, ನಿದ್ದೆ ತರಿಸುತ್ತದೆ. ಇಂಗ್ಲಿಷ್ ಮಾತ್ರೆ ಬೇಡ ಎಂದು ನೀವು ತೆಗೆದುಕೊಂಡದ್ದು ಇಂಗ್ಲಿಷ್ ಮಾತ್ರೆಯನ್ನೇ, ಅದೂ ಅದರ ಅಜ್ಜನನ್ನು. ಹಾಗೆಂದು ಕಂಪನಿ ಕದ್ದು ಬೆರೆಸಿದೆ ಅಂದುಕೊಳ್ಳಬೇಡಿ. ಚೀನಾದಲ್ಲಿ ಮೂಲಿಕೆಯನ್ನೂ ಆಧುನಿಕ ಔಷಧವನ್ನೂ ಒಂದೇ ಮಾತ್ರೆಯಲ್ಲಿ ಕೂಡಿಸುವುದು ಅಧಿಕೃತವಾಗಿಯೇ ನಡೆಯುವ ಪದ್ಧತಿ, ಡಬ್ಬಿಯ ಮೇಲೆ ಬರೆದೂ ಇರುತ್ತದೆ. ಅಲ್ಲಿ ಮನೆಮನೆಯಲ್ಲಿ ಬಳಸುವ ‘ಗಾನ್‌ಮಾವ್ ಲಿಂಗ್’ ಎಂಬ ನೆಗಡಿ ಪುಡಿಯಲ್ಲಿ ಪ್ಯಾರಾಸಿಟಮಾಲ್, ಕೆಫೀನ್, ಇದೇ ಕ್ಲೋರ್‌ಫೆನಿರಮೈನ್ ಮೂರೂ ಇವೆ. ಅದನ್ನು ಕುಡಿದು, ಜ್ವರ ಇಳಿಯಲಿಲ್ಲವೆಂದು ಮೇಲೊಂದು ಪ್ಯಾರಾಸಿಟಮಾಲ್ ನುಂಗಿದವರನ್ನು ನಾನು ಕಂಡಿದ್ದೇನೆ.

ಮೂಗು ತೆರೆದದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಅಪ್ಪಟ ಗಿಡವೇ. ಪಟ್ಟಿಯಲ್ಲಿರುವ ಮಾ ಹುವಾಂಗ್ ಎಂದರೆ ಎಫೆಡ್ರಾ, ಎಲೆಯೇ ಇಲ್ಲವೇನೋ ಅನ್ನಿಸುವ ಕಡ್ಡಿಕಡ್ಡಿ ಪೊದೆ. ಸುಮಾರು 1,800 ವರ್ಷಗಳ ಹಿಂದೆ ಝಾಂಗ್ ಝೋಂಗ್‌ಜಿಂಗ್ ಬರೆದ ‘ಶಾಂಗ್ ಹಾನ್ ಲುನ್’ನಲ್ಲಿ ಇದನ್ನು ಹೇಗೆ ಬೇಯಿಸಬೇಕೆಂಬುದೂ ಇದೆ: ಬೇರೆ ಮೂಲಿಕೆ ಹಾಕುವ ಮೊದಲು ಇದೊಂದನ್ನೇ ಕುದಿಸಿ ಮೇಲೆ ಬಂದ ನೊರೆ ತೆಗೆಯಬೇಕು. ನಾವು ಬೇಳೆ ಬೇಯಿಸುವಾಗ ನೊರೆ ತೆಗೆಯುವುದಿಲ್ಲವೇ, ಹಾಗೆ. 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಇದರಿಂದ ಎಫೆಡ್ರಿನ್ ಬೇರ್ಪಡಿಸಿದರು. 1920ರ ದಶಕದಲ್ಲಿ ಪೀಕಿಂಗಿನ ವೈದ್ಯ ಕಾಲೇಜಿನಲ್ಲಿ ಚೆನ್ ಮತ್ತು ಶ್ಮಿಟ್ ಅದರ ಗುಣಗಳನ್ನು ಲೋಕಕ್ಕೆ ತೋರಿಸಿದ ಮೇಲೆ ಆಸ್ತಮಾಕ್ಕೆ ಜಗತ್ತೇ ಬಳಸಿತು. ಅದರ ಸೋದರ, ಮೂಗು ತೆರೆಯಿಸುವ ಸ್ಯೂಡೋಎಫೆಡ್ರಿನ್ ಕೂಡ ಈ ಗಿಡದಲ್ಲಿದೆ.

ಮೂಗಿನೊಳಗೆ ಎರಡೂ ಬದಿಯ ಗೋಡೆಗೆ ಸುರುಳಿಯಂಥ ಮಡಿಕೆಗಳಿವೆ, ಟರ್ಬಿನೇಟ್ ಎನ್ನುತ್ತೇವೆ. ಮೂಗು ಕಟ್ಟುವುದೆಂದರೆ ಬಹುತೇಕ ಈ ಮಡಿಕೆಗಳಲ್ಲಿ ರಕ್ತ ತುಂಬಿ ಊದಿಕೊಳ್ಳುವುದು. ಸಿಂಬಳ ಗಟ್ಟಿಯಾಗಿ ಅಡ್ಡ ಕೂತಿದೆ ಎಂದುಕೊಂಡು ಜನ ಜೋರಾಗಿ ಸೀಟುತ್ತಾರೆ, ಏನೂ ಬರುವುದಿಲ್ಲ, ಕಿವಿ ನೋಯುತ್ತದೆ. ಎಫೆಡ್ರಿನ್ ಆ ರಕ್ತನಾಳಗಳನ್ನು ಬಿಗಿಮಾಡುತ್ತದೆ, ಮಡಿಕೆ ಕುಗ್ಗುತ್ತದೆ, ಗಾಳಿ ಹೋಗುತ್ತದೆ. ಈ ವಿಷಯದಲ್ಲಿ ಚೀನೀಯರಿಗೆ ಸಲ್ಲಬೇಕಾದದ್ದು ಸಲ್ಲಲಿ. ನಮ್ಮ ದೇಶದ ನೆಗಡಿ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಹಾಕುವ ಫಿನೈಲೆಫ್ರಿನ್ ಬಾಯಿಂದ ತೆಗೆದುಕೊಂಡರೆ ಮೂಗು ತೆರೆಯಿಸುವುದಿಲ್ಲ ಎಂದು 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯೇ ಹೇಳಿತು. ಮಾ ಹುವಾಂಗ್ ಕೆಲಸ ಮಾಡುತ್ತದೆ.

ತೊಂದರೆ ಇರುವುದೂ ಅಲ್ಲೇ. ರಕ್ತನಾಳ ಬಿಗಿಯುವ ವಸ್ತುವಿಗೆ ಮೂಗು ಯಾವುದು, ಉಳಿದ ಮೈ ಯಾವುದು ಎಂಬ ಭೇದವಿಲ್ಲ. ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ. ತೂಕ ಇಳಿಸಲು, ಹುರುಪು ಬರಲು ಎಂದು ಅಮೆರಿಕದಲ್ಲಿ ಮಾರುತ್ತಿದ್ದ ಎಫೆಡ್ರಾ ಪೂರಕಗಳನ್ನು ಹೃದಯಾಘಾತ, ಪಾರ್ಶ್ವವಾಯು, ಸಾವುಗಳ ವರದಿ ಬಂದು 2004ರಲ್ಲಿ ನಿಷೇಧಿಸಿದರು. ನಿಮ್ಮ ತಾಯಿ ಬೆಳಿಗ್ಗೆ ಬಿಪಿ ಇಳಿಸುವ ಮಾತ್ರೆ ನುಂಗಿ, ಮೇಲಿಂದ ಬಿಪಿ ಏರಿಸುವ ಕಡ್ಡಿಯ ಸಾರ ನುಂಗಿದರೆ ಡಾಕ್ಟರು ಬಿಪಿ ಮಾತ್ರೆಯ ಡೋಸ್ ಏರಿಸುತ್ತಾ ಹೋಗುತ್ತಾರೆ, ಕಾರಣ ಗೊತ್ತಾಗುವುದಿಲ್ಲ.

ಅವರಿಗೆ ಇನ್ನೊಂದು ಮಾತೂ ಅನ್ವಯಿಸುತ್ತದೆ. ಚೀನೀ ಕಷಾಯಗಳಲ್ಲಿ ಗಾನ್ ತ್ಸಾವ್ ಇಲ್ಲದ್ದು ಕಡಿಮೆ. ಅದು ನಮ್ಮ ಜ್ಯೇಷ್ಠಮಧುವಿನ ಹತ್ತಿರದ ಬಳಗ. ಹೆಸರಿನಲ್ಲೇ ಸಿಹಿ ಇದೆ, ಕಹಿ ಮೂಲಿಕೆಗಳನ್ನು ಒಂದು ಹದಕ್ಕೆ ತರಲು ಹಾಕುತ್ತಾರೆ. ದಿನಗಟ್ಟಲೆ ತೆಗೆದುಕೊಂಡರೆ ಇದರ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. ಮೂತ್ರ ಹೆಚ್ಚಿಸುವ ಬಗೆಯ ಬಿಪಿ ಮಾತ್ರೆ ಜೊತೆಗಿದ್ದರೆ ಪೊಟ್ಯಾಸಿಯಂ ಎರಡು ಕಡೆಯಿಂದ ಇಳಿಯುತ್ತದೆ. ಅಂದಹಾಗೆ, ನಿಮ್ಮ ಅಮ್ಮ ಸಸ್ಯಾಹಾರಿಯಾಗಿದ್ದರೆ ಇದನ್ನೂ ತಿಳಿಸಿಬಿಡಿ: ಪಟ್ಟಿಯಲ್ಲಿರುವ ಆ ಒಂದು ಪ್ರಾಣಿಮೂಲದ ವಸ್ತು ಹಂದಿಯ ಪಿತ್ತರಸದ ಪುಡಿ.

ಪಿತ್ತರಸಕ್ಕೂ ಮೂಗಿಗೂ ಏನು ನಂಟು ಎಂದು ನಗು ಬರಬಹುದು. ನಂಟು ಹಳೆಯದು. ಚೀನೀ ವೈದ್ಯರು ಮೂಗಿನ ಕಾಯಿಲೆಯನ್ನು ಎರಡಾಗಿ ನೋಡುತ್ತಾರೆ. ಸೀನು, ತುರಿಕೆ, ತಿಳಿನೀರು ಸುರಿಯುವುದು ‘ಬೀ ಚಿಯು’. ಇದಕ್ಕೆ ಕಾರಣ ತಂಪು ಮತ್ತು ಗಾಳಿ, ಮೈಯ ಹೊರಕಾವಲು ಸಡಿಲವಾಗಿರುವುದು. ದಪ್ಪ, ಹಳದಿ, ವಾಸನೆಯ ಸಿಂಬಳ, ಹಣೆಭಾರ ಇದ್ದರೆ ‘ಬೀ ಯುವಾನ್’. ಇದು ಉಷ್ಣದ್ದು. ಅವರ ಮೂಲಗ್ರಂಥ ‘ಸು ವೆನ್’ ಪ್ರಕಾರ ಪಿತ್ತಕೋಶದ ಉಷ್ಣ ಮಿದುಳಿಗೆ ಏರಿ ಮೂಗಿನಲ್ಲಿ ಇಳಿಯುತ್ತದೆ. ಜನರ ಬಾಯಲ್ಲಿ ಇದಕ್ಕೆ ‘ಮಿದುಳು ಸೋರಿಕೆ’ ಎಂಬ ಹೆಸರೂ ಇತ್ತು. ಪಿತ್ತದ ಕಾಯಿಲೆಗೆ ಪಿತ್ತರಸವೇ ಮದ್ದಾಯಿತು. ಸೀತಾಫಲ ಶೀತ, ಪಪ್ಪಾಯಿ ಉಷ್ಣ ಎಂದು ಹೇಳಿಸಿಕೊಂಡೇ ಬೆಳೆದ ನಮಗೆ ಈ ಭಾಷೆ ಅಪರಿಚಿತವೇನಲ್ಲ. ಇವತ್ತಿನ ಲೆಕ್ಕದಲ್ಲಿ ಮೊದಲನೆಯದು ಹೆಚ್ಚುಕಡಿಮೆ ಅಲರ್ಜಿಕ್ ರೈನೈಟಿಸ್, ಎರಡನೆಯದು ಸೈನಸೈಟಿಸ್. ನಿಮ್ಮದು ಮೊದಲನೆಯದು, ನಿಮಗೆ ಕೊಟ್ಟದ್ದು ಉಷ್ಣ ಇಳಿಸುವ ಮೂಲಿಕೆ ತುಂಬಿದ ಮಾತ್ರೆ. ನಾಡಿ ಹಿಡಿದು ನಾಲಿಗೆ ನೋಡುವ ಹಳೆಯ ಚೀನೀ ವೈದ್ಯರೊಬ್ಬರ ಮುಂದೆ ಕೂತಿದ್ದರೆ ಅವರೂ ಇದನ್ನು ಕೊಡುತ್ತಿರಲಿಲ್ಲವೇನೋ. ಗೆಳೆಯ ತಂದುಕೊಟ್ಟ ಡಬ್ಬಿಗೂ ಆ ವೈದ್ಯಪದ್ಧತಿಗೂ ಇರುವ ದೂರ ಇದು.

ಮೂಗಿಗೆಂದೇ ಅವರು ನೆಚ್ಚಿಕೊಂಡ ಗಿಡ ಬೇರೆ. ಶಿನ್ ಯೀ, ಅಂದರೆ ಮ್ಯಾಗ್ನೋಲಿಯಾ ಮೊಗ್ಗು. ನಮ್ಮ ಸಂಪಿಗೆಯ ಕುಟುಂಬದ್ದೇ. ಚಳಿಗಾಲ ಮುಗಿಯುವ ಹೊತ್ತಿಗೆ, ಹೂ ಬಿರಿಯುವ ಮುನ್ನ, ಕಿತ್ತು ಒಣಗಿಸುತ್ತಾರೆ. ಚೈನಾಟೌನಿನ ಔಷಧಿ ಅಂಗಡಿಯಲ್ಲಿ ಒಂದು ಹಿಡಿ ತಂದು ನೋಡಿದ್ದೇನೆ. ಬೆರಳ ಗೆಣ್ಣಿನಷ್ಟು ಉದ್ದ, ಮೈತುಂಬ ಬೂದು ಹಸಿರು ರೋಮ, ತುದಿ ಚೂಪು, ಥೇಟ್ ಶಾಯಿಯಲ್ಲಿ ಅದ್ದುವ ಕುಂಚ. ಚೀನೀಯರು ಇದನ್ನು ‘ಮರದ ಕುಂಚ’ ಎಂದೂ ಕರೆಯುತ್ತಾರೆ. ಉಗುರಿನಿಂದ ಸೀಳಿದರೆ ಪದರ ಪದರ, ಮೂಗಿಗೆ ಬಡಿಯುವ ಕರ್ಪೂರ ಮತ್ತು ನೀಲಗಿರಿ ವಾಸನೆ. ವಾಸನೆಗೆ ಕಾರಣವೂ ಅದೇ, ನೀಲಗಿರಿ ಎಣ್ಣೆಯ ಸಿನಿಯೋಲ್ ಇದರಲ್ಲೂ ಇದೆ. ಪಾತ್ರೆಗೆ ಹಾಗೇ ಹಾಕಿ ಕುದಿಸಿ ಕುಡಿದೆ. ತಪ್ಪು ಮಾಡಿದೆ. ರೋಮಗಳು ಬಿಟ್ಟುಕೊಂಡು ಗಂಟಲಿಗೆ ಅಂಟಿ ಸಂಜೆಯವರೆಗೆ ಕೆಮ್ಮು. ಮಾರನೆಯ ದಿನ ಅಂಗಡಿಯ ಅಜ್ಜಿ ತೆಳು ಬಟ್ಟೆಯ ಪುಟ್ಟ ಚೀಲ ಕೈಗಿಟ್ಟು ನಕ್ಕರು. ಶಿನ್ ಯೀಯನ್ನು ಬಟ್ಟೆಯಲ್ಲಿ ಕಟ್ಟಿಯೇ ಕುದಿಸಬೇಕೆಂದು ಅವರ ಔಷಧಕೋಶದಲ್ಲೂ ಇದೆ. ಪ್ರಮಾಣ ದಿನಕ್ಕೆ 3ರಿಂದ 10 ಗ್ರಾಂ.

1253ರ ಸುಮಾರಿಗೆ ಸಾಂಗ್ ರಾಜವಂಶದ ಕಾಲದಲ್ಲಿ ಯಾನ್ ಯೋಂಗ್‌ಹೆ ಸಂಕಲಿಸಿದ ‘ಜೀ ಶಂಗ್ ಫಾಂಗ್’ನಲ್ಲಿ ಒಂದು ಪುಡಿ ಬರುತ್ತದೆ: ಶಿನ್ ಯೀ, ತ್ಸಾಂಗ್ ಅರ್ ತ್ಸ, ಬಾಯ್ ಝಿ, ಪುದೀನ. ಊಟದ ಮೇಲೆ ಈರುಳ್ಳಿ ಸೊಪ್ಪು ಮತ್ತು ಚಹಾದ ಜೊತೆ. ಇವತ್ತು ಸಿಗುವ ಚೀನೀ ಮೂಗಿನ ಮಾತ್ರೆಗಳಲ್ಲಿ ಅನೇಕವು ಈ ಪುಡಿಯ ಮಕ್ಕಳು ಮೊಮ್ಮಕ್ಕಳು. ಪುದೀನದ ಬಗ್ಗೆ ಒಂದು ಮಾತು. ಮೆಂಥಾಲ್ ಮೂಗಿನೊಳಗಿನ ತಂಪು ತಿಳಿಯುವ ನರಗಳನ್ನು ತಟ್ಟುತ್ತದೆ, ಗಾಳಿ ಸಲೀಸಾಗಿ ಹೋಗುತ್ತಿದೆ ಎಂದು ಅನ್ನಿಸುತ್ತದೆ. ಅಳೆದು ನೋಡಿದರೆ ದಾರಿ ಮೊದಲಿನಷ್ಟೇ ಕಿರಿದಾಗಿರುತ್ತದೆ. ಎದೆಗೆ ಹಚ್ಚುವ ನಮ್ಮ ಮುಲಾಮುಗಳದ್ದೂ ಇದೇ ಕಥೆ. ಹಿತವೆನಿಸುವುದು ಸುಳ್ಳಲ್ಲ, ರಾತ್ರಿ ನಿದ್ದೆ ಬಂದರೆ ಅದೂ ಲಾಭವೇ.

ಆ ಪುಡಿಯ ಎರಡನೇ ಹೆಸರು ಮಾತ್ರ ನನಗೆ ಸಮಾಧಾನ ಕೊಡುವುದಿಲ್ಲ. ತ್ಸಾಂಗ್ ಅರ್ ತ್ಸ ಬೇರೇನೂ ಅಲ್ಲ, ನಮ್ಮ ಕೆರೆ ಏರಿಯ ಮೇಲೆ, ಹಾಳುಬಿದ್ದ ಹೊಲದಲ್ಲಿ, ಸೀರೆಯ ಅಂಚಿಗೂ ಕುರಿಯ ಉಣ್ಣೆಗೂ ಕಚ್ಚಿಕೊಳ್ಳುವ ಆ ಕೊಕ್ಕೆಮುಳ್ಳಿನ ಕಾಯಿ. ಮರುಳುಮತ್ತಿ ಎನ್ನುವವರೂ ಇದ್ದಾರೆ. ಹಸಿಯಾಗಿ ಇದು ವಿಷ. ಇದರ ಕಾರ್ಬಾಕ್ಸಿಅಟ್ರಾಕ್ಟಿಲೋಸೈಡ್ ಜೀವಕೋಶಕ್ಕೆ ಶಕ್ತಿ ಪೂರೈಕೆಯನ್ನೇ ತಡೆಯುತ್ತದೆ, ಯಕೃತ್ತು ಕೈಕೊಡುತ್ತದೆ. 2007ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಭಾಗದಲ್ಲಿ ಪ್ರವಾಹದ ನಂತರ ತಿನ್ನಲು ಬೇರೆ ಇಲ್ಲದೆ ಜನ ಈ ಗಿಡದ ಎಳೆ ಸಸಿಯನ್ನು ಸೊಪ್ಪಿನಂತೆ ಬೇಯಿಸಿ ತಿಂದರು. 76 ಮಂದಿ ಕಾಯಿಲೆ ಬಿದ್ದರು, 19 ಮಂದಿ ಸತ್ತರು. ಚೀನೀ ಔಷಧಕೋಶ ಇದರ ಹೆಸರಿನ ಎದುರು ‘ವಿಷಯುಕ್ತ’ ಎಂದೇ ಬರೆದಿದೆ. ಬಾಣಲೆಯಲ್ಲಿ ಹಳದಿ ಕಂದು ಬಣ್ಣ ಬರುವತನಕ ಹುರಿದು, ಮುಳ್ಳು ಉದುರಿಸಿ, ಆಮೇಲೆ ಬಳಸಬೇಕು. ಹುರಿದರೆ ವಿಷ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಹುರಿದವರ ಕೈ, ಬೆಂಕಿ, ಹೊತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಡಬ್ಬಿಯಲ್ಲೂ ಇದು ಇದೆ. ವರ್ಷವಿಡೀ ಬೇಡ ಎಂದು ಮೊದಲ ಸಾಲಿನಲ್ಲೇ ಹೇಳಿದ್ದಕ್ಕೆ ಇದೇ ಮುಖ್ಯ ಕಾರಣ. ಇದನ್ನು ಓದಿ ಯಾರೂ ಹಿತ್ತಲಿನಿಂದ ಆ ಕಾಯಿ ತಂದು ಕಷಾಯ ಮಾಡಬೇಡಿ, ದಮ್ಮಯ್ಯ.

ಶೀ ಶಿನ್ ಎಂಬ ಇನ್ನೊಂದು ಬೇರಿದೆ. ತಿಳಿನೀರು ಸುರಿಯುವ ಮೂಗಿಗೆ ಹೇಳಿದ ‘ಸಣ್ಣ ಹಸಿರು ಡ್ರ್ಯಾಗನ್’ ಕಷಾಯದಲ್ಲಿ ಮಾ ಹುವಾಂಗ್ ಜೊತೆ ಇರುತ್ತದೆ. ಜಪಾನಿನಲ್ಲಿ ಇದೇ ಕಷಾಯ ‘ಶೋಸೇರ್ಯೂತೋ’ ಎಂಬ ಹೆಸರಿನಲ್ಲಿ ಹರಳು ಪುಡಿಯಾಗಿ ಸಿಗುತ್ತದೆ, ಸರ್ಕಾರಿ ವಿಮೆಯಲ್ಲೇ ಡಾಕ್ಟರು ಬರೆದುಕೊಡುತ್ತಾರೆ. ಚೀನೀ ವೈದ್ಯರಲ್ಲಿ ಒಂದು ಹಳೆಯ ನುಡಿಯಿದೆ, ಶೀ ಶಿನ್ ಒಂದು ಚಿಯೆನ್ ದಾಟಬಾರದು. ಚಿಯೆನ್ ಎಂದರೆ ಸುಮಾರು 3 ಗ್ರಾಂ. ಈ ಗಿಡದಲ್ಲಿ ಅರಿಸ್ಟೋಲೋಕಿಕ್ ಆಮ್ಲ ಇರುತ್ತದೆ, ಬೇರಿಗಿಂತ ಎಲೆ ಕಾಂಡದಲ್ಲಿ ಹೆಚ್ಚು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಹೋದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾದದ್ದು ಈ ಆಮ್ಲದಿಂದಲೇ. ಅಲ್ಲಿ ದ್ರೋಹ ಬಗೆದದ್ದು ಬೇರೊಂದು ಬೇರು. ಹೆಸರಿನ ಹೋಲಿಕೆಯಿಂದ ಒಂದರ ಜಾಗಕ್ಕೆ ಇನ್ನೊಂದು ಬಂದಿತ್ತು. ಚೀನಾ 2005ರ ಔಷಧಕೋಶದಲ್ಲಿ ಶೀ ಶಿನ್‌ನ ಬೇರನ್ನು ಮಾತ್ರ ಬಳಸಬೇಕೆಂದು ಬದಲಿಸಿತು.

ಇನ್ನು ಹೆಸರಿನ ಗೊಂದಲ. ನಿಮ್ಮದು ಬೀಯೆನ್ ಕಾಂಗ್. ‘ಬೀಯೆನ್’ ಎಂದರೆ ಮೂಗಿನ ಉರಿಯೂತ ಅಷ್ಟೇ, ಅದರ ಹಿಂದೆ ಮುಂದೆ ಏನು ಸೇರಿಸಿದರೂ ಒಂದು ಮಾತ್ರೆಯ ಹೆಸರಾಗುತ್ತದೆ. ‘ಬೀಯೆನ್ ಪಿಯೆನ್’ ಎಂಬ ಇನ್ನೊಂದು ಇದೆ, ಬರೀ ‘ಮೂಗಿನ ಮಾತ್ರೆ’ ಎಂದರ್ಥ. ಚೀನಾದೊಳಗೆ ಮಾರುವ ಇದರ ಪಟ್ಟಿಯಲ್ಲಿ ಮಾ ಹುವಾಂಗ್, ಶೀ ಶಿನ್ ಎರಡೂ ಇವೆ. ಹೊರದೇಶಕ್ಕೆಂದು ಮಾಡಿದ ಅದೇ ಹೆಸರಿನ ಮಾತ್ರೆಗಳಲ್ಲಿ ಇವೆರಡನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಹೀಗಾಗಿ ಆ ಮಾತ್ರೆ ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ ಯಾವ ಡಬ್ಬಿ ಎಂದು ನಾನು ತಿರುಗಿ ಕೇಳುತ್ತೇನೆ. ಸಿಂಗಪುರದ ಅಂಗಡಿಯಲ್ಲಿ ಕೊಂಡರೆ ಲ್ಯಾಟಿನ್ ಹೆಸರು ಹುಡುಕಿ: ‘ಎಫೆಡ್ರೇ’, ‘ಕ್ಸಾಂಥಿ’, ‘ಅಸಾರಿ’ ಎಂಬ ತುಣುಕುಗಳು ಕಂಡರೆ ಅವೇ ಈ ಮೂರು ಗಿಡಗಳು. ಪಟ್ಟಿಯೇ ಇಲ್ಲದ, ಆನ್‌ಲೈನಿನಲ್ಲಿ ಬರುವ ‘ನೂರಕ್ಕೆ ನೂರು ಗಿಡಮೂಲಿಕೆ’ಯ ಬಗ್ಗೆ ಹೇಳುವುದೇ ಬೇಡ. ಅಂಥವುಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕದ್ದು ಬೆರೆಸಿದ್ದು ಪದೇ ಪದೇ ಸಿಕ್ಕಿಬಿದ್ದಿದೆ. ಒಂದು ವಾರದಲ್ಲಿ ಮೂಗು, ಮೊಣಕಾಲು, ತುರಿಕೆ ಎಲ್ಲ ಮಾಯವಾಗಿ, ಹಸಿವೆ ಹೆಚ್ಚಿ, ತಿಂಗಳಲ್ಲಿ ಮುಖ ಗುಂಡಗಾದರೆ ಅನುಮಾನ ಪಡಿ. ಆದರೆ ತಟ್ಟನೆ ನಿಲ್ಲಿಸಬೇಡಿ, ಡಬ್ಬಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಪ್ರಶ್ನೆ ಓದುವ ಬೆಂಗಳೂರಿನವರಿಗೆ ಒಂದು ಮಾತು ಸೇರಿಸಬೇಕು. ಆ ಕೊಕ್ಕೆಮುಳ್ಳಿನ ಗಿಡ, ಚೀನೀ ಮಾತ್ರೆಗಳಲ್ಲಿರುವ ಕಾಡುಸೇವಂತಿಗೆ, ನಿಮ್ಮ ಡಬ್ಬಿಯಲ್ಲಿರುವ ‘ಹೆಬ್ಬಾತೂ ತಿನ್ನದ ಹುಲ್ಲು’ (ಹೆಸರೇ ಹಾಗೆ), ಮೂರೂ ಪಾರ್ಥೇನಿಯಂ ಕುಟುಂಬದವು. ಕಾಂಗ್ರೆಸ್ ಗಿಡದ ಪರಾಗದಿಂದ ಮೂಗು ಸುರಿಸಿಕೊಳ್ಳುವವರು, ಕತ್ತು ಕೈ ತುರಿಸಿಕೊಂಡು ಕಪ್ಪಾದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದಕ್ಕೆ ಅಲರ್ಜಿ ಇದ್ದವರ ಮೈ ಇನ್ನೊಂದಕ್ಕೂ ಕೆರಳುವುದು ಈ ಕುಟುಂಬದಲ್ಲಿ ಸಾಮಾನ್ಯ. ಅವರು ಅಲರ್ಜಿಗೆಂದು ಸೇವಂತಿಗೆ ಚಹಾ ಕುಡಿದರೆ ಅಲರ್ಜಿಯನ್ನೇ ಕುಡಿದಂತಾಗಬಹುದು.

ಹಾಗಾದರೆ ಚೀನೀ ಮೂಲಿಕೆಯಲ್ಲಿ ನಿಮ್ಮಂಥವರಿಗೆ ಏನೂ ಇಲ್ಲವೇ? ಇದೆ, ಒಂದು. ಯೂ ಪಿಂಗ್ ಫಂಗ್, ‘ಜೇಡ್ ಕಲ್ಲಿನ ಗಾಳಿತಡೆ’. ಮೂರೇ ಮೂಲಿಕೆ: ಹುವಾಂಗ್ ಚಿ, ಬಾಯ್ ಝು, ಫಾಂಗ್ ಫಂಗ್. ಮೂಗು ತಕ್ಷಣ ತೆರೆಯಿಸುವುದು ಇದರ ಕೆಲಸವಲ್ಲ, ಹೊರಕಾವಲು ಗಟ್ಟಿ ಮಾಡಲೆಂದು ವಾರಗಟ್ಟಲೆ ಕೊಡುತ್ತಾರೆ. ಮೇಲೆ ಹೇಳಿದ ಮೂರು ಅಪಾಯದ ಗಿಡಗಳೂ ಇದರಲ್ಲಿಲ್ಲ. ಪ್ರಯೋಗಗಳು ನಡೆದಿವೆ, ಹೆಚ್ಚಿನವು ಸಣ್ಣವು, ಹಲವನ್ನು ಯಾರು ಯಾವ ಗುಂಪಿನಲ್ಲಿದ್ದಾರೆಂದು ಮುಚ್ಚಿಡದೆಯೇ ಮಾಡಿದ್ದಾರೆ. ಅಮೆರಿಕದ ಕಿವಿ-ಮೂಗು-ಗಂಟಲು ಅಕಾಡೆಮಿ 2015ರ ಅಲರ್ಜಿ ಮಾರ್ಗಸೂಚಿಯಲ್ಲಿ ಔಷಧ ಬೇಡವೆನ್ನುವವರಿಗೆ ಅಕ್ಯುಪಂಕ್ಚರನ್ನು ಸೂಚಿಸಬಹುದು ಎಂದಿತು, ಮೂಲಿಕೆಗಳ ಬಗ್ಗೆ ಪರವೂ ಇಲ್ಲ ವಿರೋಧವೂ ಇಲ್ಲ ಎಂದು ಕೈತೊಳೆದುಕೊಂಡಿತು. ನಾನೂ ಅಲ್ಲೇ ಇದ್ದೇನೆ. ಪ್ರಯತ್ನಿಸುವ ಮನಸ್ಸಿದ್ದರೆ ಸಿಂಗಪುರದಲ್ಲಿ ನೋಂದಾಯಿತ ಚೀನೀ ವೈದ್ಯರಿದ್ದಾರೆ, ಅವರಿಂದ ತೆಗೆದುಕೊಳ್ಳಿ. ನೀವು ನುಂಗುವ ಬೇರೆ ಮಾತ್ರೆಗಳ ಪಟ್ಟಿ ಅವರ ಮುಂದಿಡಿ.

ಅದಕ್ಕಿಂತ ಮೊದಲು ನಿಮ್ಮ ಹಾಸಿಗೆ ನೋಡಿ. ಸಿಂಗಪುರದಲ್ಲಿ ವರ್ಷವಿಡೀ ಸೀನುವವರಿಗೆ ಬಹುಪಾಲು ಕಾರಣ ಧೂಳುಹುಳ, ಅಂದರೆ ಡಸ್ಟ್ ಮೈಟ್. ಏಳುವ ಮೊದಲೇ ಸೀನು ಎಂದು ನೀವೇ ಬರೆದಿದ್ದೀರಿ, ಹುಳ ಇರುವುದು ತಲೆದಿಂಬಿನಲ್ಲೇ. ಹಾಸು ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ದಿಂಬಿಗೂ ಹಾಸಿಗೆಗೂ ಹುಳ ನುಸುಳದ ನೇಯ್ಗೆಯ ಕವರ್ ಹಾಕಿ. ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸುವುದಾದರೆ ಈ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಅದರೊಳಗಿನ ಕ್ಲೋರ್‌ಫೆನಿರಮೈನ್ ಪರೀಕ್ಷೆಯನ್ನು ಕೆಡಿಸುತ್ತದೆ, ‘ಅಲರ್ಜಿ ಇಲ್ಲ’ ಎಂಬ ಸುಳ್ಳು ವರದಿ ಬರುತ್ತದೆ.

ಔಷಧ ಬೇಕೆಂದರೆ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಮೂಗಿನ ಸ್ಪ್ರೇ. ಸ್ಟಿರಾಯ್ಡ್ ಎಂದ ಕೂಡಲೇ ಹೆದರಬೇಡಿ, ಮೂಗಿನಲ್ಲೇ ಕೆಲಸ ಮಾಡಿ ಮುಗಿಸುತ್ತದೆ, ರಕ್ತಕ್ಕೆ ಸೇರುವುದು ತೀರ ಕಡಿಮೆ. ಎರಡು ದಿನ ಹೊಡೆದು ಫಲ ಕಾಣಲಿಲ್ಲವೆಂದು ಬಿಟ್ಟವರೇ ಹೆಚ್ಚು. ಪೂರ್ತಿ ಪರಿಣಾಮಕ್ಕೆ ಎರಡು ವಾರ ಬೇಕು. ಎಡ ಹೊಳ್ಳೆಗೆ ಬಲಗೈಯಲ್ಲಿ, ಬಲ ಹೊಳ್ಳೆಗೆ ಎಡಗೈಯಲ್ಲಿ ಹಿಡಿದರೆ ನಳಿಗೆ ತಾನಾಗಿ ಕಿವಿಯ ಕಡೆ ತಿರುಗುತ್ತದೆ, ನಡುಗೋಡೆಗೆ ತಾಗಿ ರಕ್ತ ಬರುವುದಿಲ್ಲ. ಹಾಕಿದ ಐದು ನಿಮಿಷದಲ್ಲಿ ಮೂಗು ತೆರೆಯಿಸುವ ಆಕ್ಸಿಮೆಟಜೋಲಿನ್ ಹನಿ ಇದಲ್ಲ. ಆ ಹನಿಯನ್ನು ಐದು ದಿನ ದಾಟಿಸಿದರೆ ಮೂಗು ಅದಕ್ಕೇ ಒಗ್ಗಿ ಇನ್ನಷ್ಟು ಕಟ್ಟುತ್ತದೆ.

ಅಮ್ಮನ ವಿಷಯ. 64ರ ವಯಸ್ಸಿನ ಮೂಗು ಕಟ್ಟುವಿಕೆ ಅಲರ್ಜಿಯೇ ಎಂದು ಫೋನಿನಲ್ಲಿ ತೀರ್ಮಾನಿಸಬೇಡಿ. ಒಂದೇ ಬದಿ ಕಟ್ಟುತ್ತದೆಯೇ, ರಕ್ತ ಬರುತ್ತದೆಯೇ, ಒಗ್ಗರಣೆಯ ವಾಸನೆ ಗೊತ್ತಾಗುತ್ತದೆಯೇ ಕೇಳಿ. ಮೊದಲ ಎರಡಕ್ಕೆ ಹೌದು ಅಥವಾ ಮೂರನೆಯದಕ್ಕೆ ಇಲ್ಲ ಎಂದರೆ ಊರಿಗೆ ಹೋದಾಗ ನೀವೇ ಕರೆದುಕೊಂಡು ಹೋಗಿ ಮೂಗಿನೊಳಗೆ ದುರ್ಬೀನು ಹಾಕಿಸಿ ನೋಡಿಸಿ. ಕೆಲವು ಬಿಪಿ ಮಾತ್ರೆಗಳೇ ಮೂಗು ಕಟ್ಟಿಸುತ್ತವೆ, ಅವರ ಚೀಟಿಯನ್ನೂ ಒಯ್ಯಿರಿ. ಚೀಲದಲ್ಲಿ ನಾಲ್ಕು ಡಬ್ಬಿಯ ಜಾಗ ಉಳಿಯಿತಲ್ಲ, ಅಲ್ಲಿ ಮೂಗು ತೊಳೆಯುವ ಒಂದು ಬಾಟಲಿ, ಅದರ ಉಪ್ಪಿನ ಪೊಟ್ಟಣಗಳು ಇಡಿ. ಜಲನೇತಿ ಬಲ್ಲವರಾದರೆ ಅದೂ ಬೇಡ, ಮನೆಯ ಗಿಂಡಿ ಸಾಕು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಿರಬೇಕು, ನಲ್ಲಿಯಿಂದ ಹಿಡಿದದ್ದು ಬೇಡ.